ವಿಳಾಸ ನೋಡಿ ಮುಚ್ಚುವ ಬಾಗಿಲು

ಅಹಮದಾಬಾದಿನಲ್ಲಿ 1999ರಲ್ಲಿ ಎಲೈಟ್‌ಕೋರ್ ಟೆಕ್ನಾಲಜೀಸ್ ಎಂಬ ಕಂಪನಿ ಹುಟ್ಟಿತು. ಅದು ತಯಾರಿಸಿದ ಸೈಬರೋಮ್ ಎಂಬ ಫೈರ್‌ವಾಲ್ ಪೆಟ್ಟಿಗೆ ಮುಂದಿನ ಒಂದೂವರೆ ದಶಕದಲ್ಲಿ ದೇಶದ ಎಷ್ಟೋ ಕಾಲೇಜು, ಕಾರ್ಖಾನೆ, ಕಚೇರಿಗಳ ಸರ್ವರ್ ಕೋಣೆ ಸೇರಿತು. ಆ ಕಾಲದಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿದ್ದವರಿಗೆ ಅದರ ಲಾಗಿನ್ ಪುಟವೂ, ವಿಳಾಸದ ಕೊನೆಗೆ ಬರುತ್ತಿದ್ದ 8090 ಎಂಬ ಸಂಖ್ಯೆಯೂ ಇವತ್ತಿಗೂ ಬಾಯಿಪಾಠ. ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಟ್ಟರೆ ಮಾತ್ರ ಹೊರಗಿನ ಜಾಲ ತೆರೆಯುತ್ತಿತ್ತು. ಕಂಪ್ಯೂಟರ್ ಜಾಲಗಳನ್ನು ಏಳು ಪದರಗಳಾಗಿ ವಿವರಿಸುವುದು ಪಠ್ಯಪುಸ್ತಕದ ಪದ್ಧತಿ. ಸೈಬರೋಮ್‌ನವರು ಮನುಷ್ಯನನ್ನೇ ಎಂಟನೆಯ ಪದರ ಎಂದು ಕರೆದು, ಯಂತ್ರದ ವಿಳಾಸಕ್ಕೆ ಬದಲಾಗಿ ವ್ಯಕ್ತಿಯ ಹೆಸರಿಗೇ ನಿಯಮ ಕಟ್ಟುವ ವ್ಯವಸ್ಥೆ ಮಾಡಿದರು. ಲೆಕ್ಕಪತ್ರದ ಗುಮಾಸ್ತರಿಗೆ ಒಂದು ನಿಯಮ, ಮಾರಾಟದವರಿಗೆ ಇನ್ನೊಂದು, ಮ್ಯಾನೇಜರಿಗೆ ಮತ್ತೊಂದು. 2014ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಸೋಫೋಸ್ ಕಂಪನಿ ಸೈಬರೋಮನ್ನು ಕೊಂಡುಕೊಂಡಿತು.

ಓದುವವನು ಯಾರು ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ಗುರುತಿಸಬಲ್ಲ ಯಂತ್ರ, ಓದಿಸಿಕೊಳ್ಳುವ ಬರಹ ಯಾವುದು ಎಂಬ ವಿಷಯದಲ್ಲಿ ಮಾತ್ರ ಒರಟಾಗಿಯೇ ಉಳಿಯಿತು. ಇದು ಸೈಬರೋಮ್ ಒಂದರ ಮಾತಲ್ಲ. ಆಗಿನ ವೆಬ್‌ಸೆನ್ಸ್, ಬ್ಲೂಕೋಟ್, ಸ್ಮಾರ್ಟ್‌ಫಿಲ್ಟರ್, ಈಗಿನ ಫೋರ್ಟಿನೆಟ್, ಪಾಲೋ ಆಲ್ಟೋ, ಫೋರ್ಸ್‌ಪಾಯಿಂಟ್ ಎಲ್ಲವೂ ಜಾಲತಾಣಗಳನ್ನು ಹತ್ತಾರು ಕೆಟಗರಿಗಳಿಗೆ ಹಂಚುತ್ತವೆ. ಜೂಜು, ಅಶ್ಲೀಲ, ಶಸ್ತ್ರಾಸ್ತ್ರ, ಆಟ, ಉದ್ಯೋಗ ಹುಡುಕಾಟ, ಸುದ್ದಿ, ಶಿಕ್ಷಣ ಎಂದೆಲ್ಲ. ಆ ಸಾಲಿನಲ್ಲೇ ಒಂದು ಖಾನೆ ಇರುತ್ತದೆ: ಬ್ಲಾಗ್ ಮತ್ತು ವೈಯಕ್ತಿಕ ತಾಣಗಳು. ಐಟಿಯವರು ಅದರ ಎದುರಿನ ಚೌಕಕ್ಕೆ ಒಂದು ಗುರುತು ಹಾಕಿದರೆ ಸಾಕು, ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್ ಡಾಟ್ ಕಾಮ್, ಟಂಬ್ಲರ್‌ಗಳಲ್ಲಿ ನೆಲೆಸಿದ ಲಕ್ಷಾಂತರ ತಾಣಗಳು ಒಟ್ಟಿಗೆ ಕಣ್ಮರೆಯಾಗುತ್ತವೆ. ಉಳಿದ ಕೆಟಗರಿಗಳೆಲ್ಲ ತಾಣದಲ್ಲಿ ಏನಿದೆ ಎಂದು ಹೇಳುತ್ತವೆ. ಇದೊಂದು ಮಾತ್ರ ತಾಣ ಎಲ್ಲಿದೆ ಎಂದು ಹೇಳುತ್ತದೆ. ಇಡೀ ಸಮಸ್ಯೆಯ ಬೇರು ಇಲ್ಲಿದೆ ಎಂದು ನಾನು ನಂಬಿದ್ದೇನೆ.

ಗುಜರಾತಿನ ಕನ್ನಡಿಗರಿಗೆ ಇದು ಏಕೆ ಮುಖ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಹಮದಾಬಾದಿನ ಬಾಹ್ಯಾಕಾಶ ಮತ್ತು ಭೌತವಿಜ್ಞಾನ ಸಂಸ್ಥೆಗಳು, ವಡೋದರದ ಪಕ್ಕದ ಕೋಯಲಿ ತೈಲ ಸಂಸ್ಕರಣಾಗಾರ, ಸೂರತ್ ಬಳಿಯ ಹಜೀರಾದ ಕಾರ್ಖಾನೆಗಳು, ಮೂರೂ ಊರುಗಳ ಬ್ಯಾಂಕ್ ಶಾಖೆಗಳು ಇವೆಲ್ಲ ವರ್ಗಾವಣೆಯ ಬದುಕಿನ ನೆಲೆಗಳು. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ವಡೋದರದಲ್ಲಿ ಹುಟ್ಟಿದ ಬ್ಯಾಂಕ್ ಆಫ್ ಬರೋಡಾದಲ್ಲಿ 2019ರ ಏಪ್ರಿಲ್ 1ರಂದು ವಿಲೀನವಾದಾಗ ಈ ಎರಡು ಸೀಮೆಗಳ ನಂಟು ಇನ್ನೂ ಒಂದು ಸುತ್ತು ಬಿಗಿಯಾಯಿತು. ಇಂಥ ಊರುಗಳಲ್ಲಿ ಕನ್ನಡದ ಪತ್ರಿಕೆ ಬೆಳಗ್ಗೆ ಬಾಗಿಲಿಗೆ ಬರುವುದಿಲ್ಲ, ಕನ್ನಡ ಪುಸ್ತಕದ ಅಂಗಡಿ ನಡೆದು ಹೋಗುವ ದೂರದಲ್ಲಿಲ್ಲ. ಯೂನಿಕೋಡ್ ಕನ್ನಡ ಕಂಪ್ಯೂಟರುಗಳಲ್ಲಿ ಸರಾಗವಾದ ಮೇಲೆ, ಹೆಚ್ಚುಕಡಿಮೆ 2005ರಿಂದ ಮುಂದಕ್ಕೆ, ಬ್ಲಾಗ್‌ಗಳ ಒಂದು ದೊಡ್ಡ ಫಸಲು ಬಂತು. ಜಿ.ಎನ್. ಮೋಹನ್ ಅವರ ‘ಅವಧಿ’ ಮೊದಲಿಗೆ ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಒಂದು ಉಪವಿಳಾಸದಲ್ಲೇ ನಡೆಯಿತು. ‘ನಿಲುಮೆ’ ಬೆಳೆದದ್ದೂ ಅಲ್ಲೇ. ಊರಿನ ನೆನಪು, ಅಡುಗೆ, ಪಕ್ಷಿವೀಕ್ಷಣೆ, ಯಕ್ಷಗಾನದ ವಿಮರ್ಶೆ, ಹಳಗನ್ನಡದ ಟಿಪ್ಪಣಿ, ಶಾಲಾ ಮಾಸ್ತರರ ಪಾಠಯೋಜನೆ ಎಲ್ಲವೂ ಬ್ಲಾಗ್‌ಸ್ಪಾಟಿನ ಉಚಿತ ಜಾಗದಲ್ಲಿ ತುಂಬಿಕೊಂಡವು. ಆಗ ಮನೆಯಲ್ಲಿ ವೇಗದ ಸಂಪರ್ಕ ಇದ್ದವರು ಕಡಿಮೆ. ಓದುತ್ತಿದ್ದದ್ದು ಕಚೇರಿಯ ಕಂಪ್ಯೂಟರಿನಲ್ಲಿ, ಊಟದ ಬಿಡುವಿನಲ್ಲಿ. ಫಿಲ್ಟರ್ ಪೆಟ್ಟಿಗೆಗಳು ಕಚೇರಿಗಳನ್ನು ಹೊಕ್ಕಿದ್ದೂ ಅದೇ ವರ್ಷಗಳಲ್ಲಿ.

ಇಂಗ್ಲಿಷ್ ಓದುಗನಿಗೆ ಇದರಿಂದ ಆದ ನಷ್ಟ ಸಣ್ಣದು. ಒಂದು ಬ್ಲಾಗ್ ಮುಚ್ಚಿದರೆ ಅದೇ ವಿಷಯದ ಹತ್ತು ಪತ್ರಿಕಾ ತಾಣಗಳು, ವಿಶ್ವವಿದ್ಯಾಲಯದ ಪುಟಗಳು, ವಿಶ್ವಕೋಶಗಳು ಅವನಿಗೆ ಸಿಗುತ್ತವೆ. ಕನ್ನಡದಲ್ಲಿ ಎಷ್ಟೋ ವಿಷಯಗಳಿಗೆ ಇರುವುದು ಒಂದೇ ಪುಟ, ಅದು ಇರುವುದು ಬ್ಲಾಗಿನಲ್ಲಿ. ಗುಜರಾತಿಯದೂ ಇದೇ ಕಥೆ. ವಡೋದರದ ಮೃಗೇಶ್ ಶಾಹ 2005ರಲ್ಲಿ ಆರಂಭಿಸಿದ ರೀಡ್‌ಗುಜರಾತಿ ಒಬ್ಬ ಮನುಷ್ಯನ ಶ್ರದ್ಧೆಯಿಂದ ಒಂದು ಭಾಷೆಯ ಸಣ್ಣಕಥೆ, ಪ್ರಬಂಧಗಳ ಭಂಡಾರವಾಯಿತು. ಗುಜರಾತಿನ ಶಿಕ್ಷಕರು ಸರ್ಕಾರಿ ಪರಿಪತ್ರಗಳನ್ನು ಒಟ್ಟುಮಾಡಿ ಹಂಚುವುದು ಇಂದಿಗೂ ಬಹಳಮಟ್ಟಿಗೆ ಬ್ಲಾಗ್‌ಸ್ಪಾಟಿನಲ್ಲೇ. ಸಂಸ್ಥೆಗಳ ಬಲವಿಲ್ಲದ ಭಾಷೆಗಳಲ್ಲಿ ಜ್ಞಾನ ನಿಂತಿರುವುದು ಇಂಥ ವ್ಯಕ್ತಿಗಳ ಹೆಗಲ ಮೇಲೆ. ‘ವೈಯಕ್ತಿಕ ತಾಣ’ ಎಂಬ ಕೆಟಗರಿ ಮಾಡುವಾಗ ಫಿಲ್ಟರ್ ಕಂಪನಿಗಳ ಮನಸ್ಸಿನಲ್ಲಿ ಇದ್ದದ್ದು ಯಾರದೋ ದಿನಚರಿ. ಇಲ್ಲಿ ಮುಚ್ಚಿಹೋದದ್ದು ನಮ್ಮ ಗ್ರಂಥಾಲಯದ ಒಂದು ಕಪಾಟು.

ತಪ್ಪಾಗಿ ಮುಚ್ಚಿದ್ದರೆ ಸರಿಪಡಿಸಿಕೊಳ್ಳಬಹುದಲ್ಲ ಎಂದು ಕೇಳಬಹುದು. ಫಿಲ್ಟರ್ ಕಂಪನಿಗಳೆಲ್ಲ ತಮ್ಮ ಜಾಲತಾಣದಲ್ಲಿ ಒಂದು ತಪಾಸಣಾ ಪುಟ ಇಟ್ಟಿರುತ್ತವೆ. ವಿಳಾಸ ಕೊಟ್ಟರೆ ಅದು ಯಾವ ಕೆಟಗರಿಯಲ್ಲಿದೆ ಎಂದು ತೋರಿಸುತ್ತದೆ. ತಪ್ಪಿದ್ದರೆ ಬದಲಾಯಿಸಲು ಮನವಿ ಸಲ್ಲಿಸಬಹುದು. ಸಭ್ಯವಾದ ಆರೋಗ್ಯ ತಾಣ ಅಶ್ಲೀಲದ ಖಾನೆಗೆ ಬಿದ್ದಿದ್ದರೆ ಈ ದಾರಿಯಿಂದ ಹೊರಬರಲು ಸಾಧ್ಯ. ಆದರೆ ಬ್ಲಾಗಿನ ವಿಷಯದಲ್ಲಿ ಮನವಿ ಏನೆಂದು ಬರೆಯುವುದು? ಅದು ಬ್ಲಾಗ್ ಎಂಬುದು ನಿಜವೇ. ಕೆಟಗರಿ ಸರಿಯಾಗಿಯೇ ಇದೆ. ತಪ್ಪು ಇರುವುದು ವರ್ಗೀಕರಣದಲ್ಲಲ್ಲ, ಆ ವರ್ಗವನ್ನೇ ಅಪಾಯ ಎಂದು ತಿಳಿದದ್ದರಲ್ಲಿ. ಹಾಗಾಗಿ ಫಿಲ್ಟರ್ ಕಂಪನಿ ‘ನಾವು ಮುಚ್ಚಿಲ್ಲ, ನಿಮ್ಮ ಕಚೇರಿ ಮುಚ್ಚಿದೆ’ ಎನ್ನುತ್ತದೆ. ಕಚೇರಿಯ ಐಟಿ ವಿಭಾಗ ‘ಫೈರ್‌ವಾಲ್‌ನಲ್ಲಿ ಹಾಗೆ ಬರುತ್ತದೆ’ ಎನ್ನುತ್ತದೆ. ಬ್ಲಾಗ್ ಬರೆಯುವವರಿಗಂತೂ ತಮ್ಮ ಪುಟ ಎಲ್ಲೆಲ್ಲಿ ಮುಚ್ಚಿದೆ ಎಂದು ತಿಳಿಯುವ ಉಪಾಯವೇ ಇಲ್ಲ. ಓದದೆ ಹೋದ ಓದುಗ ಯಾವ ಅಂಕಿಅಂಶದಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಸ್ವಂತ ಡೊಮೇನ್ ಕೊಂಡರೆ ಪಾರಾಗಬಹುದು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದು ಅರ್ಧ ಮಾತ್ರ ನಿಜ. ಪಾಲೋ ಆಲ್ಟೋದಂಥ ಕಂಪನಿಗಳು ನೋಂದಣಿಯಾಗಿ 32 ದಿನ ಕಳೆಯದ ಡೊಮೇನುಗಳನ್ನು ‘ಹೊಸ ನೋಂದಣಿ’ ಎಂಬ ಪ್ರತ್ಯೇಕ ಕೆಟಗರಿಗೆ ಹಾಕುತ್ತವೆ, ಅದನ್ನು ಮುಚ್ಚಿಡುವಂತೆ ಗ್ರಾಹಕರಿಗೆ ಶಿಫಾರಸೂ ಮಾಡುತ್ತವೆ. ಆ ಗಡಿ ದಾಟಿದ ಮೇಲೆ ‘ವರ್ಗೀಕರಿಸದ ತಾಣ’ ಎಂಬ ಇನ್ನೊಂದು ಖಾನೆ ಕಾದಿರುತ್ತದೆ. ಬಿಗಿಯಾದ ಕಚೇರಿಗಳು ಅದನ್ನೂ ಮುಚ್ಚಿರುತ್ತವೆ. ಕಡಿಮೆ ಓದುಗರಿರುವ, ಕನ್ನಡದಲ್ಲೇ ಬರೆದಿರುವ ತಾಣ ವರ್ಗೀಕರಣದ ಯಂತ್ರದ ಕಣ್ಣಿಗೆ ಬೀಳಲು ಬಹಳ ಕಾಲ ಬೇಕಾಗಬಹುದು. ಮೇಲಾಗಿ, ಬ್ಲಾಗ್‌ಸ್ಪಾಟನ್ನು ನಡೆಸುವ ಬ್ಲಾಗರ್ ಸೇವೆಯಲ್ಲಿ ಸ್ವಂತ ಡೊಮೇನ್ ಜೋಡಿಸುವಾಗ ಗೂಗಲ್ ಎಲ್ಲರಿಗೂ ಕೊಡುವುದು ಅವೇ ನಾಲ್ಕು ಐಪಿ ವಿಳಾಸಗಳನ್ನು. ಹೆಸರು ಬೇರೆಯಾದರೂ ಅಡಿಯ ನೆಲ ಹಂಚಿಕೊಂಡದ್ದೇ.

ಹಂಚಿಕೊಂಡ ನೆಲದ ಈ ಪ್ರಶ್ನೆ ಹಳೆಯದು. ಹಾರ್ವರ್ಡಿನ ಬರ್ಕ್‌ಮನ್ ಕೇಂದ್ರದಲ್ಲಿದ್ದ ಬೆನ್ ಎಡೆಲ್‌ಮನ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚಾಲ್ತಿಯಲ್ಲಿದ್ದ ಡೊಮೇನುಗಳಲ್ಲಿ ಶೇ. 87ಕ್ಕಿಂತ ಹೆಚ್ಚಿನವು ತಮ್ಮ ಐಪಿ ವಿಳಾಸವನ್ನು ಬೇರೆ ಡೊಮೇನುಗಳ ಜೊತೆ ಹಂಚಿಕೊಂಡಿದ್ದವು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ಮಕ್ಕಳ ಅಶ್ಲೀಲ ಚಿತ್ರಗಳಿದ್ದ 400ಕ್ಕಿಂತ ಕಡಿಮೆ ತಾಣಗಳನ್ನು ತಡೆಯಲು ಹೊರಟು, ಯಾವ ಸಂಬಂಧವೂ ಇಲ್ಲದ ಹತ್ತು ಲಕ್ಷಕ್ಕೂ ಹೆಚ್ಚು ತಾಣಗಳನ್ನು ಮುಚ್ಚಿಸಿತ್ತು. 2004ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ಆ ಕಾನೂನನ್ನೇ ಅಸಿಂಧುಗೊಳಿಸಿತು. ಉದ್ದೇಶದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ವಿಧಾನದ ಬಗ್ಗೆ.

ಭಾರತ ಈ ಪಾಠವನ್ನು ಮೂರು ಸಲ ಕಲಿತಿದೆ, ಮೂರು ಸಲವೂ ಮರೆತಿದೆ. 2003ರ ಸೆಪ್ಟೆಂಬರಿನಲ್ಲಿ ಮೇಘಾಲಯದ ಒಂದು ಪ್ರತ್ಯೇಕತಾವಾದಿ ಸಂಘಟನೆಯ ‘ಕಿನ್‌ಹುನ್’ ಎಂಬ ಸಣ್ಣ ಯಾಹೂ ಗುಂಪನ್ನು ತಡೆಯಲು ಸರ್ಕಾರ ಆದೇಶಿಸಿತು. ಆ ಒಂದನ್ನು ಮಾತ್ರ ಬೇರ್ಪಡಿಸಲು ಆಗದ ಸೇವಾದಾರರು ಯಾಹೂ ಗ್ರೂಪ್ಸ್ ಎಂಬ ಇಡೀ ಸೇವೆಯನ್ನೇ ಮುಚ್ಚಿದರು. 2006ರ ಜುಲೈ 11ರಂದು ಮುಂಬೈನ ಲೋಕಲ್ ರೈಲುಗಳಲ್ಲಿ ಸ್ಫೋಟಗಳಾದವು. ಎರಡು ದಿನಗಳ ನಂತರ ದೂರಸಂಪರ್ಕ ಇಲಾಖೆ ಇಪ್ಪತ್ತರ ಆಸುಪಾಸು ತಾಣಗಳನ್ನು ತಡೆಯಲು ಸೂಚಿಸಿತು. ಆ ಪಟ್ಟಿಯಲ್ಲಿ ಬ್ಲಾಗ್‌ಸ್ಪಾಟಿನ ಕೆಲವು ಬ್ಲಾಗುಗಳಿದ್ದವು. ಹಲವು ಸೇವಾದಾರರು ಬ್ಲಾಗ್‌ಸ್ಪಾಟ್, ಟೈಪ್‌ಪ್ಯಾಡ್, ಜಿಯೋಸಿಟೀಸ್‌ಗಳನ್ನು ಪೂರ್ತಿ ಮುಚ್ಚಿದರು. ಸ್ಫೋಟದ ಸಂತ್ರಸ್ತರಿಗೆ, ಅವರ ಬಂಧುಗಳಿಗೆ ಮಾಹಿತಿ ಒದಗಿಸಲು ಬಳಕೆಯಾಗುತ್ತಿದ್ದ ಮುಂಬೈ ಹೆಲ್ಪ್ ಎಂಬ ಬ್ಲಾಗ್ ಕೂಡ ಬ್ಲಾಗ್‌ಸ್ಪಾಟಿನಲ್ಲೇ ಇತ್ತು. ಅದೂ ಮುಚ್ಚಿತು. ಬ್ಲಾಗರುಗಳು ಒಟ್ಟಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರು, ಪತ್ರಿಕೆಗಳು ಬರೆದವು, ಪಟ್ಟಿಯಲ್ಲಿರುವ ಪುಟಗಳನ್ನಷ್ಟೇ ತಡೆಯಿರಿ ಎಂದು ಇಲಾಖೆ ಸ್ಪಷ್ಟನೆ ಕೊಡಬೇಕಾಯಿತು. ಮತ್ತೆ 2014ರ ಡಿಸೆಂಬರಿನಲ್ಲಿ, ಭಯೋತ್ಪಾದಕ ಪ್ರಚಾರದ ಕಾರಣ ಕೊಟ್ಟು 32 ತಾಣಗಳನ್ನು ತಡೆಯಲಾಯಿತು. ಅವುಗಳಲ್ಲಿ ಪ್ರೋಗ್ರಾಮರುಗಳ ಗಿಟ್‌ಹಬ್, ವಿಡಿಯೋಗಳ ವಿಮಿಯೋ, ಇಂಟರ್ನೆಟ್ ಆರ್ಕೈವ್ ಇದ್ದವು. ಸಣ್ಣ ಅಂಗಡಿಗಳು, ಶಾಲೆಗಳು ಪುಕ್ಕಟೆ ತಾಣ ಕಟ್ಟಿಕೊಳ್ಳುವ ವೀಬ್ಲಿಯೂ ಇತ್ತು.

ಟರ್ಕಿಯ ಒಂದು ಮೊಕದ್ದಮೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ಪಷ್ಟವಾದ ತೀರ್ಪು ಕೊಟ್ಟಿದೆ. ಅಹ್ಮತ್ ಯಿಲ್ದಿರಿಮ್ ಎಂಬ ಸಂಶೋಧಕ ತಮ್ಮ ಶೈಕ್ಷಣಿಕ ಬರಹಗಳನ್ನು ಗೂಗಲ್ ಸೈಟ್ಸ್‌ನಲ್ಲಿ ಇಟ್ಟಿದ್ದರು. ಅದೇ ಸೇವೆಯಲ್ಲಿದ್ದ ಯಾರದೋ ಪುಟ ಅತಾತುರ್ಕ್‌ನ ಸ್ಮೃತಿಗೆ ಅಪಮಾನ ಮಾಡಿದೆ ಎಂದು ಡೆನಿಜ್ಲಿಯ ನ್ಯಾಯಾಲಯ ಗೂಗಲ್ ಸೈಟ್ಸನ್ನು ಪೂರ್ತಿ ಮುಚ್ಚಿಸಿತು. ಯಿಲ್ದಿರಿಮ್ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2012ರ ಡಿಸೆಂಬರ್ 18ರಂದು ಆ ನ್ಯಾಯಾಲಯ, ಇದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು ತೀರ್ಮಾನಿಸಿತು. ಟರ್ಕಿಯ ನ್ಯಾಯಾಲಯ ಆ ಒಂದು ಪುಟವನ್ನಷ್ಟೇ ತಡೆಯುವ ಬೇರೆ ದಾರಿ ಇದೆಯೇ ಎಂದು ವಿಚಾರಿಸಿಯೇ ಇರಲಿಲ್ಲ ಎಂಬುದು ಅದರ ಮುಖ್ಯ ಆಕ್ಷೇಪಗಳಲ್ಲಿ ಒಂದು. ಸೂರತ್ತಿನ ರಿಂಗ್ ರೋಡಿನಲ್ಲಿ ಒಂದೇ ಸೂರಿನಡಿ ನೂರಾರು ಅಂಗಡಿಗಳಿರುವ ಜವಳಿ ಮಾರುಕಟ್ಟೆಗಳಿವೆ. ಒಂದು ಅಂಗಡಿಯವನು ನಕಲಿ ಸೀರೆ ಮಾರಿದನೆಂದು ಇಡೀ ಕಟ್ಟಡಕ್ಕೆ ಬೀಗ ಜಡಿದರೆ ವ್ಯಾಪಾರಿಗಳು ಸುಮ್ಮನಿರುತ್ತಾರೆಯೇ?

ಆ ಒಂದನ್ನು ಮಾತ್ರ ತಡೆಯುವುದು ಆಗುತ್ತದೆಯೇ? ಇಲ್ಲಿ ತಾಂತ್ರಿಕವಾಗಿ ಸ್ವಲ್ಪ ಒಳಗೆ ಹೋಗಬೇಕು, ಏಕೆಂದರೆ ಐಟಿ ವಿಭಾಗಗಳ ಸಮರ್ಥನೆ ನಿಂತಿರುವುದೇ ಇಲ್ಲಿ. ಈಗ ಹೆಚ್ಚುಕಡಿಮೆ ಎಲ್ಲ ತಾಣಗಳೂ ಎಚ್‌ಟಿಟಿಪಿಎಸ್ ಬಳಸುತ್ತವೆ. ಬ್ಲಾಗ್‌ಸ್ಪಾಟ್ ವಿಳಾಸಗಳೆಲ್ಲ 2016ರಲ್ಲಿ ಅದಕ್ಕೆ ಬಂದವು. ಅಂದರೆ ಓದುಗನಿಗೂ ತಾಣಕ್ಕೂ ನಡುವೆ ಹರಿಯುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ನಡುವೆ ಕುಳಿತ ಫೈರ್‌ವಾಲ್‌ಗೆ ಪುಟದ ಒಳಗಿನ ಮಾತಾಗಲಿ, ವಿಳಾಸದ ಓರೆಗೆರೆಯ ನಂತರದ ಭಾಗವಾಗಲಿ ಕಾಣುವುದಿಲ್ಲ. ಕಾಣುವುದು ಸಂಪರ್ಕದ ಆರಂಭದಲ್ಲಿ ಬಯಲಾಗಿ ಹೋಗುವ ತಾಣದ ಹೆಸರು ಮಾತ್ರ. ಗೂಗಲ್ ಸೈಟ್ಸ್‌ನಲ್ಲಿ ಪ್ರತಿಯೊಬ್ಬರ ಪುಟವೂ ಓರೆಗೆರೆಯ ನಂತರ ಬರುತ್ತದೆ. ಆದ್ದರಿಂದ ಫೈರ್‌ವಾಲ್‌ಗೆ ಎಲ್ಲರೂ ಒಂದೇ ಹೆಸರಿನವರು. ಮುಚ್ಚಿದರೆ ಎಲ್ಲವನ್ನೂ ಮುಚ್ಚಬೇಕು, ಬಿಟ್ಟರೆ ಎಲ್ಲವನ್ನೂ ಬಿಡಬೇಕು. ಬ್ಲಾಗ್‌ಸ್ಪಾಟ್, ವರ್ಡ್‌ಪ್ರೆಸ್ ಡಾಟ್ ಕಾಮ್‌ಗಳ ರಚನೆ ಹಾಗಲ್ಲ. ಅಲ್ಲಿ ಪ್ರತಿ ಬ್ಲಾಗಿನ ಹೆಸರೂ ವಿಳಾಸದ ಮೊದಲಿಗೇ, ತಾಣದ ಹೆಸರಿನ ಭಾಗವಾಗಿಯೇ ಇರುತ್ತದೆ. ಫೈರ್‌ವಾಲ್‌ಗೆ ಅದು ಚೆನ್ನಾಗಿ ಕಾಣುತ್ತದೆ. ಯಾವ ಗೂಢಲಿಪಿಯನ್ನೂ ಒಡೆಯದೆ ಒಂದು ಬ್ಲಾಗನ್ನು ಬಿಟ್ಟು ಇನ್ನೊಂದನ್ನು ತಡೆಯಬಹುದು. ಬ್ರೌಸರುಗಳು ಕುಕಿಗಳನ್ನು ಬೇರೆಬೇರೆ ಇಡಲು ಬಳಸುವ, ಮೊಜಿಲ್ಲಾ ಆರಂಭಿಸಿದ ಪಬ್ಲಿಕ್ ಸಫಿಕ್ಸ್ ಪಟ್ಟಿಯಲ್ಲಿ ಬ್ಲಾಗ್‌ಸ್ಪಾಟ್ ಬಹಳ ಹಿಂದಿನಿಂದಲೂ ಇದೆ. ಅದರ ಪ್ರಕಾರ ಅಲ್ಲಿನ ಪ್ರತಿ ಬ್ಲಾಗೂ ಸ್ವತಂತ್ರ ತಾಣ. ಬ್ರೌಸರ್ ಒಪ್ಪಿದ ಈ ಸಂಗತಿಯನ್ನು ಕಚೇರಿಯ ನಿಯಮ ಒಪ್ಪದಿರಲು ತಾಂತ್ರಿಕ ಕಾರಣ ಯಾವುದೂ ಇಲ್ಲ.

ಗೂಢಲಿಪಿ ಒಡೆದು ಒಳಗೆ ನೋಡುವ ಇನ್ನೊಂದು ದಾರಿ ಇದೆ. ಅದರ ಬೆಲೆ ಏನೆಂದು ಅಹಮದಾಬಾದಿನ ಪೆಟ್ಟಿಗೆಯೇ ಒಮ್ಮೆ ತೋರಿಸಿಕೊಟ್ಟಿತು. 2012ರಲ್ಲಿ ಜೋರ್ಡಾನಿನ ಒಬ್ಬ ಬಳಕೆದಾರರಿಗೆ, ಗುರುತು ಬಿಡದೆ ಜಾಲ ಬಳಸುವ ಸಾಧನ ಒದಗಿಸುವ ಟಾರ್ ಪ್ರಾಜೆಕ್ಟ್ ತಾಣದ ಹೆಸರಿನಲ್ಲಿ ನಕಲಿ ಪ್ರಮಾಣಪತ್ರವೊಂದು ಕಾಣಿಸಿತು. ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಸೈಬರೋಮ್ ಯಂತ್ರ. ಎಚ್‌ಟಿಟಿಪಿಎಸ್ ಒಡೆದು ನೋಡಲು ಆ ಯಂತ್ರಗಳೆಲ್ಲ ಒಂದೇ ಪ್ರಮಾಣಪತ್ರವನ್ನು, ಅಂದರೆ ಒಂದೇ ಗುಟ್ಟಿನ ಕೀಲಿಯನ್ನು ಬಳಸುತ್ತಿದ್ದವು ಎಂದು ಟಾರ್‌ನ ಸಂಶೋಧಕರು ಆ ಜುಲೈನಲ್ಲಿ ಪ್ರಕಟಿಸಿದರು. ಒಂದು ಯಂತ್ರದಿಂದ ಕೀಲಿ ತೆಗೆದವನು ಅದೇ ಕಂಪನಿಯ ಬೇರೆ ಯಾವ ಯಂತ್ರದ ಹಿಂದಿರುವವರ ಮಾತನ್ನೂ ಕದ್ದು ಕೇಳಬಹುದಿತ್ತು. ಕಂಪನಿ ಕೂಡಲೇ ಯಂತ್ರಕ್ಕೊಂದು ಪ್ರತ್ಯೇಕ ಕೀಲಿ ಬರುವಂತೆ ತಿದ್ದುಪಡಿ ಕಳಿಸಿತು. ನೌಕರನ ಬ್ಯಾಂಕ್ ಖಾತೆ, ವೈದ್ಯಕೀಯ ವರದಿ ಎಲ್ಲ ಹಾದುಹೋಗುವ ದಾರಿಯನ್ನು ಒಡೆದು ನೋಡುವ ಕೆಲಸ ಎಷ್ಟು ಎಚ್ಚರ ಬೇಡುತ್ತದೆ ಎಂಬುದಕ್ಕೆ ಇದು ದೊಡ್ಡ ಉದಾಹರಣೆ. ಬ್ಲಾಗುಗಳನ್ನು ಬಿಡಿಬಿಡಿಯಾಗಿ ಗುರುತಿಸಲು ಅಷ್ಟು ದೂರ ಹೋಗಬೇಕಾದ ಅಗತ್ಯವೇ ಇಲ್ಲ.

ಕನ್ನಡದ ವಿಳಾಸಗಳಿಗೆ ಅವುಗಳದೇ ಆದ ಕಷ್ಟಗಳಿವೆ. ಕನ್ನಡ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಅದನ್ನು ವಿಳಾಸಕ್ಕೆ ತರುವುದಿಲ್ಲ. ಅದರ ಜಾಗದಲ್ಲಿ ‘ಬ್ಲಾಗ್-ಪೋಸ್ಟ್’ ಎಂದೂ ಮುಂದಿನದಕ್ಕೆ ಒಂದು ಸಂಖ್ಯೆ ಸೇರಿಸಿಯೂ ಇಂಗ್ಲಿಷಿನಲ್ಲಿ ಹಾಕುತ್ತದೆ. ಸಾವಿರ ಕನ್ನಡ ಬ್ಲಾಗುಗಳ ಸಾವಿರಾರು ಲೇಖನಗಳಿಗೆ ಹೀಗೆ ಒಂದೇ ತರದ ಹೆಸರು. ವರ್ಡ್‌ಪ್ರೆಸ್ ಶೀರ್ಷಿಕೆಯನ್ನು ಉಳಿಸಿಕೊಳ್ಳುತ್ತದೆ, ಆದರೆ ಯೂನಿಕೋಡಿನ ಪ್ರತಿ ಕನ್ನಡ ಚಿಹ್ನೆಯೂ ವಿಳಾಸದಲ್ಲಿ ಶೇಕಡಾ ಗುರುತುಗಳ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ಅದಕ್ಕಿರುವ ಮಿತಿ 200. ‘ಮಲೆನಾಡಿನ ಮಳೆಗಾಲದ ನೆನಪುಗಳು’ ಎಂದು ಶೀರ್ಷಿಕೆ ಇಟ್ಟರೆ ಕೊನೆಯ ಕೊಂಬು ಕತ್ತರಿಸಿಹೋಗುತ್ತದೆ. ಪುಟವನ್ನು ತೆರೆದುಕೊಡಬೇಕೋ ಬೇಡವೋ ಎಂದು ಓದುಗ ಕಳಿಸಿದ ಕೊಂಡಿ ನೋಡಿ ತೀರ್ಮಾನಿಸುವ ಐಟಿ ನೌಕರನಿಗೆ ಕಾಣುವುದು ಶೇಕಡಾ ಗುರುತುಗಳ ಒಂದು ಉದ್ದನೆಯ ಸಾಲು. ಅಂಥ ಸಾಲುಗಳು ದಾಳಿಕೋರರ ವಿಳಾಸಗಳಲ್ಲೂ ಇರುತ್ತವೆ. ಅವನು ಅನುಮಾನಪಟ್ಟರೆ ಅವನನ್ನು ದೂರುವಂತಿಲ್ಲ.

ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿತು. 2012ರಿಂದ ಗೂಗಲ್ ಭಾರತದ ಓದುಗರನ್ನು ಬ್ಲಾಗ್‌ಸ್ಪಾಟ್ ಡಾಟ್ ಕಾಮ್‌ನಿಂದ ಡಾಟ್ ಇನ್‌ಗೆ ತಾನಾಗಿಯೇ ತಿರುಗಿಸತೊಡಗಿತು. ಆ ವರ್ಷಗಳಲ್ಲಿ ನಮ್ಮವರು ನಕಲು ಮಾಡಿ ಹಂಚಿಕೊಂಡ ಕೊಂಡಿಗಳಲ್ಲಿ ಡಾಟ್ ಇನ್ ಉಳಿಯಿತು. ಒಂದು ಬ್ಲಾಗಿಗೆ ಅನುಮತಿ ಕೊಟ್ಟ ಕಚೇರಿಯಲ್ಲೂ ಅದೇ ಬ್ಲಾಗಿನ ಇನ್ನೊಂದು ರೂಪ ಮುಚ್ಚಿಯೇ ಇರುವ ಸ್ಥಿತಿ ಬಂತು, ಏಕೆಂದರೆ ಯಂತ್ರಕ್ಕೆ ಅವೆರಡೂ ಬೇರೆ ಹೆಸರುಗಳು. 2020ರಲ್ಲಿ ಬ್ಲಾಗ್‌ಸ್ಪಾಟ್ ಡಾಟ್ ಇನ್ ಎಂಬ ಡೊಮೇನೇ ಗೂಗಲ್ ಕೈತಪ್ಪಿ ಬೇರೆಯವರ ಪಾಲಾಯಿತು. ಆ ಕೊಂಡಿಗಳೆಲ್ಲ ಸತ್ತವು. ಲೇಖನಗಳು ಡಾಟ್ ಕಾಮ್‌ನಲ್ಲಿ ಇದ್ದೇ ಇದ್ದವು.

ಇಷ್ಟೆಲ್ಲ ಹೇಳುವಾಗ ಕಚೇರಿಗಳ ಭಯವನ್ನು ತಳ್ಳಿಹಾಕುವುದು ಅನ್ಯಾಯ. ಉಚಿತ ವೇದಿಕೆಗಳನ್ನು ದುಷ್ಟರೂ ಬಳಸುತ್ತಾರೆ. 2019ರಲ್ಲಿ ಬೆಳಕಿಗೆ ಬಂದ ‘ಅಗ್ಗಾಹ್’ ಎಂಬ ದಾಳಿಯ ಸರಣಿಯಲ್ಲಿ ಇಮೇಲಿನೊಂದಿಗೆ ಬಂದ ಕಡತ ತೆರೆದವರ ಕಂಪ್ಯೂಟರು ಒಂದು ಬ್ಲಾಗ್‌ಸ್ಪಾಟ್ ಪುಟಕ್ಕೆ ಹೋಗಿ ಅಲ್ಲಿಂದ ಹಾನಿಕಾರಕ ಸೂಚನೆಗಳನ್ನು ಇಳಿಸಿಕೊಳ್ಳುತ್ತಿತ್ತು. ಗೂಗಲ್ ಹೆಸರಿನ ಮೇಲೆ ಜನರಿಗಿರುವ ವಿಶ್ವಾಸವೇ ಅಲ್ಲಿ ಆಯುಧವಾಗಿತ್ತು. ರಿಸರ್ವ್ ಬ್ಯಾಂಕ್ 2016ರ ಜೂನ್ 2ರ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಸೈಬರ್ ಸುರಕ್ಷೆಯ ಚೌಕಟ್ಟನ್ನು ವಿಧಿಸಿದೆ. ಸರ್ಟ್-ಇನ್ ಎಂಬ ಸರ್ಕಾರಿ ಸೈಬರ್ ಸುರಕ್ಷಾ ಸಂಸ್ಥೆಯ 2022ರ ಏಪ್ರಿಲ್ 28ರ ಆದೇಶ 180 ದಿನಗಳ ಲಾಗ್ ಕಾಪಾಡಬೇಕೆನ್ನುತ್ತದೆ. ಕೆಲಸದ ಹೊತ್ತು ಪೋಲಾಗಬಾರದು, ಕಂಪನಿಯ ಗುಟ್ಟು ಹೊರಗೆ ಹೋಗಬಾರದು ಎಂಬ ಮಾಲೀಕರ ಬಯಕೆಯೂ ಸಹಜವೇ. ಒಂದು ವರ್ಮ್ ಒಳಹೊಕ್ಕರೆ ಕೆಲಸ ಕಳೆದುಕೊಳ್ಳುವುದು ಸಿಸ್ಟಂ ಅಡ್ಮಿನ್. ಒಂದು ಒಳ್ಳೆಯ ಲೇಖನ ಯಾರಿಗೋ ಸಿಗದೆ ಹೋದರೆ ಅವನನ್ನು ಯಾರೂ ಕೇಳುವುದಿಲ್ಲ. ಹಾಗಿರುವಾಗ ಅವನು ಎಲ್ಲವನ್ನೂ ಮುಚ್ಚಿದರೆ ಅದು ಅವನ ಕೆಟ್ಟತನದ ಫಲವಲ್ಲ, ಹೊಣೆ ಹಂಚಿರುವ ರೀತಿಯ ಫಲ. ಆದರೆ ಅಗ್ಗಾಹ್‌ನಂಥ ಪುಟಗಳನ್ನು ಪತ್ತೆಹಚ್ಚಿ ಬಿಡಿಬಿಡಿ ಹೆಸರಿನಿಂದಲೇ ತಡೆಯುವ ಅಪಾಯ ಪಟ್ಟಿಗಳು ಇದೇ ಪೆಟ್ಟಿಗೆಗಳಲ್ಲಿ ಇವೆ, ಗಂಟೆಗಂಟೆಗೆ ಹೊಸದಾಗುತ್ತವೆ. ಭಯಕ್ಕೆ ಮದ್ದು ಅಲ್ಲಿದೆ. ಕೆಟಗರಿಯ ಚೌಕದಲ್ಲಿಲ್ಲ.

ಬ್ಲಾಗ್ ವೇದಿಕೆಯಲ್ಲಿ ಕಟ್ಟಿದ್ದೆಲ್ಲ ಬ್ಲಾಗೂ ಅಲ್ಲ. ಕತಾರ್‌ಗಾಮ್‌ನಂಥ ಜಾಗದಲ್ಲಿ ನಿಂತು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸೂರತ್ತಿನ ಉತ್ತರ ಭಾಗದ ಈ ಬಡಾವಣೆ ವಜ್ರದ ಸಾಣೆ ಕೆಲಸದ್ದು, ಸಣ್ಣ ಕೈಗಾರಿಕೆಗಳದ್ದು. ಸೌರಾಷ್ಟ್ರದಿಂದ ಬಂದ ರತ್ನಕಲಾಕಾರರು ಇಲ್ಲಿ ನೆಲೆ ಕಂಡಿದ್ದಾರೆ. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತರಷ್ಟು ಸಾಣೆಗೊಳ್ಳುವುದು ಸೂರತ್ತಿನಲ್ಲಿ ಎಂಬುದು ವ್ಯಾಪಾರದವರ ರೂಢಿಯ ಅಂದಾಜು. ದೊಡ್ಡ ವಜ್ರ ಸಂಸ್ಥೆಗಳಿಗೆ ಸ್ವಂತ ಡೊಮೇನು, ಸ್ವಂತ ತಂಡ ಇರುತ್ತದೆ. ಸಾಣೆ ಯಂತ್ರದ ಬಿಡಿಭಾಗ, ಕಸೂತಿ ಯಂತ್ರದ ರಿಪೇರಿ, ಜರಿ, ಲೇಸು ಮಾರುವ ಒಂದು ಶಟರಿನ ಅಂಗಡಿಗೆ ಅದೆಲ್ಲ ಎಲ್ಲಿಂದ ಬರಬೇಕು? ಓದಿದ ಮಗನೋ ಮಗಳೋ ಬ್ಲಾಗ್‌ಸ್ಪಾಟಿನಲ್ಲೋ ವರ್ಡ್‌ಪ್ರೆಸ್ಸಿನಲ್ಲೋ ಒಂದು ಪುಟ ಕಟ್ಟಿ, ಸರಕಿನ ಚಿತ್ರ, ಜಿಎಸ್‌ಟಿ ಸಂಖ್ಯೆ, ಅಂಗಡಿಯ ದಾರಿ ಹಾಕಿದರೆ ಅದೇ ಅವರ ಜಾಲತಾಣ. ಖರೀದಿ ಮಾಡಬೇಕಾದವರು ಕುಳಿತಿರುವುದು ಬೆಂಗಳೂರಿನ ಪೀಣ್ಯದದೋ ದಾವಣಗೆರೆಯದೋ ಕಂಪನಿಯ ಖರೀದಿ ವಿಭಾಗದಲ್ಲಿ, ಫೈರ್‌ವಾಲಿನ ಹಿಂದೆ. ಅವರ ಪರದೆಯ ಮೇಲೆ ಅಂಗಡಿಯ ಹೆಸರಿನ ಬದಲು ‘ಆಕ್ಸೆಸ್ ಡಿನೈಡ್’ ಎಂದು ಕೆಂಪಕ್ಷರ ಬಂದರೆ, ಅವರು ಐಟಿಗೆ ಟಿಕೆಟ್ ಹಾಕಿ ಕಾಯುವುದಿಲ್ಲ. ಮುಂದಿನ ಹೆಸರಿಗೆ ಹೋಗುತ್ತಾರೆ. ತನಗೆ ತಪ್ಪಿದ ಆರ್ಡರಿನ ಸುಳಿವು ಕತಾರ್‌ಗಾಮ್‌ನ ಆ ಅಂಗಡಿಗೆ ಎಂದೂ ಸಿಗುವುದಿಲ್ಲ. ಬಡವನ ಅಂಗಡಿ ಅನುಮಾನಕ್ಕೆ ಗುರಿ, ಹಣವಿದ್ದವನ ಅಂಗಡಿಗೆ ದಾರಿ ಸಲೀಸು ಎಂಬುದು ಸುರಕ್ಷೆಯ ನಿಯಮ ಆಗಲಾರದು.

ಇದೇ ಊರಿನವರು ಸಂಪರ್ಕವೇ ಇಲ್ಲದ ದಿನಗಳನ್ನೂ ಕಂಡಿದ್ದಾರೆ. 2015ರ ಆಗಸ್ಟ್ 25ರ ಪಾಟೀದಾರ್ ಮೀಸಲಾತಿ ಸಮಾವೇಶದ ನಂತರದ ಗಲಭೆಗಳಲ್ಲಿ ಗುಜರಾತ್ ಸರ್ಕಾರ ಮೊಬೈಲ್ ಅಂತರ್ಜಾಲವನ್ನು ನಿಲ್ಲಿಸಿತು. ಕೆಲವು ತಾಣಗಳನ್ನಷ್ಟೇ ತಡೆಯಬಹುದಿತ್ತಲ್ಲ, ಎಲ್ಲವನ್ನೂ ಏಕೆ ನಿಲ್ಲಿಸಿದಿರಿ ಎಂಬ ಪ್ರಶ್ನೆ ಗೌರವ್ ಸುರೇಶ್‌ಭಾಯಿ ವ್ಯಾಸ್ ಮೊಕದ್ದಮೆಯಲ್ಲಿ ಗುಜರಾತ್ ಹೈಕೋರ್ಟಿನ ಮುಂದೆ ಬಂತು. ನ್ಯಾಯಾಲಯ ಸರ್ಕಾರದ ಪರ ನಿಂತಿತು. 2020ರ ಜನವರಿ 10ರ ಅನುರಾಧಾ ಭಸೀನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅಂತರ್ಜಾಲದ ಮೂಲಕ ಮಾತಾಡುವುದಕ್ಕೂ ವ್ಯಾಪಾರ ಮಾಡುವುದಕ್ಕೂ ಸಂವಿಧಾನದ ರಕ್ಷಣೆ ಇದೆ ಎಂದಿತು, ನಿರ್ಬಂಧ ಹೇರುವ ಆದೇಶಗಳನ್ನು ಪ್ರಕಟಿಸಬೇಕು ಎಂದಿತು. ಮಾಹಿತಿ ತಂತ್ರಜ್ಞಾನ ಕಾಯಿದೆಯ 69ಎ ಕಲಮು, 2009ರ ನಿಯಮಗಳು ಸರ್ಕಾರ ತಾಣವೊಂದನ್ನು ತಡೆಯುವಾಗ ಒಂದು ಸಮಿತಿ, ಒಂದು ಲಿಖಿತ ಕಾರಣ ಇರಬೇಕೆನ್ನುತ್ತವೆ. ಆ ವ್ಯವಸ್ಥೆಯಲ್ಲೂ ಲೋಪಗಳಿವೆ. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು ಆರು ಸೇವಾದಾರರನ್ನು ಪರೀಕ್ಷಿಸಿ, ಅವರು ತಡೆದಿರುವ ತಾಣಗಳ ಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ತೋರಿಸಿದ್ದಾರೆ. ಆದರೂ ಅಲ್ಲಿ ಪ್ರಶ್ನಿಸಲು ಒಂದು ಕಾನೂನಾದರೂ ಇದೆ. ಖಾಸಗಿ ಕಚೇರಿಯ ಫಿಲ್ಟರಿಗೆ ಅದು ಅನ್ವಯಿಸುವುದಿಲ್ಲ. ತನ್ನ ಜಾಲ, ತನ್ನ ನಿಯಮ ಎಂಬುದು ಮಾಲೀಕನ ಹಕ್ಕು. ಕಾಲೇಜುಗಳ ವಿಷಯದಲ್ಲಿ ಮಾತ್ರ ಒಂದು ಬೆಳಕಿನ ಗೆರೆ ಇದೆ. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹಾಸ್ಟೆಲಿನಲ್ಲಿ ಮೊಬೈಲಿಗೆ ಹೇರಿದ್ದ ನಿರ್ಬಂಧವನ್ನು ಪ್ರಶ್ನಿಸಿದ ಫಹೀಮಾ ಶಿರಿನ್ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2019ರ ಸೆಪ್ಟೆಂಬರಿನಲ್ಲಿ, ಅಂತರ್ಜಾಲದ ಬಳಕೆ ಶಿಕ್ಷಣದ ಹಕ್ಕಿನ ಹಾಗೂ ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿತು. ವಿದ್ಯಾರ್ಥಿಯ ಕನ್ನಡ ಓದನ್ನು ಕಾಲೇಜಿನ ಫಿಲ್ಟರ್ ತಡೆದರೆ ಈ ತೀರ್ಪನ್ನು ಮುಂದಿಡಬಹುದು.

ಕೈಯಲ್ಲಿ ಮೊಬೈಲ್ ಇರುವಾಗ ಕಚೇರಿಯ ಫಿಲ್ಟರಿನ ಚಿಂತೆ ಏಕೆ ಎಂಬ ಮಾತು 2016ರಲ್ಲಿ ಜಿಯೋ ಬಂದಾಗಿನಿಂದ ಕೇಳಿಬರುತ್ತಿದೆ. ಬಿಡುವಿನ ಓದಿಗೆ ಅದು ಸರಿಯಾದ ಮಾತು. ಆದರೆ ಅನುವಾದಕರು, ಗ್ರಂಥಪಾಲಕರು, ಪತ್ರಿಕಾ ಕಚೇರಿಯ ಉಪಸಂಪಾದಕರು, ಶಾಲಾ ಲ್ಯಾಬಿನಲ್ಲಿ ಪಾಠ ಮಾಡುವ ಮೇಷ್ಟರು, ಖರೀದಿ ಗುಮಾಸ್ತರು ಓದುವುದು ಕೆಲಸಕ್ಕಾಗಿ, ಕೆಲಸದ ಯಂತ್ರದಲ್ಲಿ. ವಜ್ರದ ಘಟಕಗಳಂಥ ಕಡೆ ಮೊಬೈಲನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕಾಗುವುದೂ ಉಂಟು. ಮೇಲಾಗಿ, ಮುಚ್ಚಿದ ಬಾಗಿಲನ್ನು ಸುತ್ತಿ ಹೋಗಲು ಜನ ಕಂಡುಕೊಳ್ಳುವ ಪ್ರಾಕ್ಸಿ, ಪುಕ್ಕಟೆ ವಿಪಿಎನ್‌ಗಳು ಬ್ಲಾಗಿಗಿಂತ ಎಷ್ಟೋ ಪಟ್ಟು ಅಪಾಯದವು.

ಬೇಕಾದ ಬದಲಾವಣೆ ದೊಡ್ಡದಲ್ಲ, ಖರ್ಚಿನದೂ ಅಲ್ಲ. ಬ್ಲಾಗ್ ಕೆಟಗರಿಯನ್ನು ತೆರೆದಿಟ್ಟು, ಅದರೊಳಗೆ ಬರೆದು ಪ್ರಕಟಿಸುವುದನ್ನು ಮಾತ್ರ ತಡೆದು ಓದುವುದಕ್ಕೆ ಬಿಡುವ ಸೌಕರ್ಯ ಹಲವು ಫೈರ್‌ವಾಲ್‌ಗಳಲ್ಲಿದೆ. ಗುಟ್ಟು ಹೊರಹೋಗುವ ಭಯಕ್ಕೆ ಅಷ್ಟು ಸಾಕು. ಹಾನಿಕಾರಕ ಪುಟಗಳಿಗೆ ಅಪಾಯ ಪಟ್ಟಿ ಹೇಗೂ ಇದ್ದೇ ಇದೆ. ಪೂರ್ತಿ ತೆರೆಯಲು ಮನಸ್ಸಿಲ್ಲದ ಕಡೆ ‘ಎಚ್ಚರಿಕೆ ಓದಿದ್ದೇನೆ, ಮುಂದೆ ಹೋಗು’ ಎಂಬ ಗುಂಡಿ ಇಡಬಹುದು. ಯಾರು ಎಲ್ಲಿಗೆ ಹೋದರು ಎಂಬ ದಾಖಲೆ ಉಳಿಯುತ್ತದೆ, ಎಂಟನೆಯ ಪದರದ ಯಂತ್ರಕ್ಕೆ ಅದು ಕಷ್ಟದ ಕೆಲಸವಲ್ಲ. ತಡೆಯ ಪುಟದಲ್ಲಿ ಯಾವ ಕೆಟಗರಿ, ಯಾರ ನಿರ್ಧಾರ, ಯಾರನ್ನು ಕೇಳಬೇಕು ಎಂಬ ಮೂರು ಸಾಲು ಇರಲಿ. ಗುಜರಾತಿನ ಕಚೇರಿಯಲ್ಲಿ ಗುಜರಾತಿಯಲ್ಲಿ, ಕರ್ನಾಟಕದ ಕಚೇರಿಯಲ್ಲಿ ಕನ್ನಡದಲ್ಲಿ ಇರಲಿ.

ಬ್ಲಾಗ್ ನಡೆಸುವವರೂ ಮಾಡಬಹುದಾದ ಕೆಲವು ಕೆಲಸಗಳಿವೆ. ಬ್ಲಾಗರ್‌ನಲ್ಲಿ ಲೇಖನ ಪ್ರಕಟಿಸುವ ಮುನ್ನ ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲಿ ಕೈಯಾರೆ ಬರೆದರೆ ಅದಕ್ಕೊಂದು ಗುರುತು ಸಿಗುತ್ತದೆ. ಫೋರ್ಟಿನೆಟ್, ಪಾಲೋ ಆಲ್ಟೋ, ಫೋರ್ಸ್‌ಪಾಯಿಂಟ್, ಸೋಫೋಸ್ ಕಂಪನಿಗಳ ತಪಾಸಣಾ ಪುಟಗಳಲ್ಲಿ ತಮ್ಮ ತಾಣ ಎಲ್ಲಿದೆ ಎಂದು ನೋಡಿ, ಅದು ಶಿಕ್ಷಣ, ಸಾಹಿತ್ಯ, ವ್ಯಾಪಾರ ಇವುಗಳಲ್ಲಿ ಯಾವುದಕ್ಕೆ ಸೇರಬೇಕೋ ಅದನ್ನು ಸೇರಿಸಿ ಎಂದು ಕೇಳಬಹುದು. ಬ್ಲಾಗ್ ಅಲ್ಲ ಎಂದು ವಾದಿಸುವುದಕ್ಕಿಂತ ವಿಷಯದ ಕೆಟಗರಿ ಬೇಡುವುದು ಫಲಕೊಡುವ ದಾರಿ. ಹಳೆಯ ಡಾಟ್ ಇನ್ ಕೊಂಡಿಗಳನ್ನು ಹುಡುಕಿ ಡಾಟ್ ಕಾಮ್ ಮಾಡಬೇಕು. ಸ್ವಂತ ಡೊಮೇನ್ ತೆಗೆದುಕೊಳ್ಳುವವರು ಅದನ್ನು ನೋಂದಾಯಿಸಿ ಒಂದೆರಡು ತಿಂಗಳು ಕಳೆದ ಮೇಲೆಯೇ ಬ್ಲಾಗನ್ನು ಅಲ್ಲಿಗೆ ಸಾಗಿಸುವುದು ಒಳ್ಳೆಯದು. ಅಲ್ಲಿಯವರೆಗೆ ಹಳೆಯ ವಿಳಾಸದಲ್ಲೇ ಬರೆಯುತ್ತಿರಬಹುದು.